ಶೂಗೆ ಹಾಕುವ ‘ಲಾಳ’: ಅಪರೂಪಕ್ಕೆ ಹಿಮ ಬೀಳುವ ಕಡೆ ಇರುವವರಿಗೆ ಬೇಕಾ?

ಮೊದಲೇ ಹೇಳಿಬಿಡುತ್ತೇನೆ, ಬೇಕು. ಆದರೆ ಹಿಮ ಬೀಳುವ ದಿನಕ್ಕಲ್ಲ, ಅದರ ಮರುದಿನ ಬೆಳಗ್ಗೆಗೆ. ಹಿಮ ನೋಡಿ ಅಭ್ಯಾಸ ಇಲ್ಲದ ನಮ್ಮಂಥವರಿಗೆ ಭಯ ಆಗುವ ದಿನವೇ ಬೇರೆ, ಕಾಲು ಜಾರುವ ದಿನವೇ ಬೇರೆ. ಈ ವಸ್ತುವಿನ ಬಗ್ಗೆ ಬರೆಯಲು ಕೂತರೆ ಅದನ್ನು ಬಿಟ್ಟು ಬರೆಯುವುದಕ್ಕೆ ಆಗುವುದಿಲ್ಲ.

ಏನಿದು ಅಂತ ಗೊತ್ತಿಲ್ಲದವರಿಗೆ: ರಬ್ಬರಿನ ಒಂದು ಬಲೆ. ಶೂ ಮೇಲೆ ಎಳೆದು ಹಾಕಿಕೊಳ್ಳಬೇಕು. ಶೂ ತಳದ ಅಡಿಗೆ ಬರುವ ಭಾಗದಲ್ಲಿ ಚಿಕ್ಕ ಚಿಕ್ಕ ಲೋಹದ ಮುಳ್ಳು ಇರುತ್ತವೆ, ಇಲ್ಲವೇ ಸುರುಳಿ ಸ್ಪ್ರಿಂಗ್ ಸುತ್ತಿರುತ್ತಾರೆ. ಅಂಗಡಿಯಲ್ಲಿ ಐಸ್ ಗ್ರಿಪ್, ಐಸ್ ಕ್ಲೀಟ್ ಅಂತೆಲ್ಲ ಹೆಸರು. ನಮ್ಮ ಮನೆಯಲ್ಲಿ ಮಾತ್ರ ಇದು ಲಾಳ. ಪ್ಯಾಕೆಟ್ ಬಿಚ್ಚಿದಾಗ ನಮ್ಮ ಅತ್ತೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದೇನಮ್ಮಾ, ಎತ್ತಿಗೆ ಹೊಡೆಯೋ ಲಾಳ ತಂದಿದ್ದೀಯಾ?” ಅಂದರು. ಆಮೇಲೆ ಯಾರೂ ಬೇರೆ ಹೆಸರಲ್ಲಿ ಕರೆದಿಲ್ಲ. ಇಲ್ಲೂ ಹಾಗೇ ಕರೆಯುತ್ತೇನೆ.

ನಾವಿರುವ ಕಡೆ ಹಿಮ ವರ್ಷಾ ವರ್ಷಾ ಬೀಳುವುದಿಲ್ಲ. ಬಿದ್ದರೂ ಒಂದಿಂಚು, ಬಹಳ ಅಂದರೆ ಎರಡಿಂಚು. ಕಟ್ಟಡದಲ್ಲಿರುವವರು ಹೆಚ್ಚಿನವರು ಬಿಸಿಲಿನ ಸೀಮೆಯಿಂದ ಬಂದವರು. ಹಾಗಾಗಿ ಹವಾಮಾನ ವರದಿಯಲ್ಲಿ ‘ಹಗುರವಾಗಿ ಹಿಮ ಬೀಳಬಹುದು’ ಅಂತ ಬಂದರೆ ಸಾಕು, ಎಲ್ಲರಿಗೂ ಚಡಪಡಿಕೆ ಶುರು. ಅಂಗಡಿಯಲ್ಲಿ ಮೊದಲು ಹಾಲು, ಬ್ರೆಡ್ಡು ಖಾಲಿ. ಆಮೇಲೆ ಟಾರ್ಚಿನ ಸೆಲ್ಲು, ಮೇಣದ ಬತ್ತಿ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಯಾವುದೋ ದೇಶದ ಹಳೆಯ ಹಿಮಪಾತದ ವಿಡಿಯೋ ಹಾಕಿ ‘ಎಲ್ಲರೂ ಹುಷಾರು’ ಅನ್ನುತ್ತಾರೆ. ಅದರಲ್ಲಿ ಹಿಮ ಮನೆಯ ಕಿಟಕಿ ಮುಚ್ಚಿರುತ್ತದೆ. ನಮಗೆ ಬರುವುದು ಹುಲ್ಲಿನ ತುದಿಯೂ ಮುಚ್ಚದಷ್ಟು.

ಬಿದ್ದ ಮೇಲಂತೂ ನೋಡುವುದೇ ಬೇಡ. ಎಲ್ಲರೂ ಹೊರಗೆ. ಅರ್ಧ ಜನ ರಬ್ಬರ್ ಚಪ್ಪಲಿಯಲ್ಲಿ. ಒಬ್ಬರು ಛತ್ರಿ ಬಿಚ್ಚಿಕೊಂಡು ಬಂದರು, ಆಮೇಲೆ ಫೋಟೋದಲ್ಲಿ ಹಿಮ ಕಾಣಲಿ ಅಂತ ಮಡಚಿದರು. ಮಕ್ಕಳು ಕಾರುಗಳ ಬಾನೆಟ್ಟಿನಿಂದ ಕೆರೆದು ಕೆರೆದು ಒಂದು ಗೊಂಬೆ ಮಾಡಿದವು, ಅರ್ಧ ಮಣ್ಣು, ಅರ್ಧ ಹಿಮ. ಅದರ ಜೊತೆ ಸೆಲ್ಫಿ ತೆಗೆಸಿಕೊಳ್ಳಲು ದೊಡ್ಡವರು ಸಾಲಾಗಿ ನಿಂತರು. ಕೆಳಗಿನ ಮನೆಯ ಹುಡುಗ ಕಾರಿನ ಮುಂದಿನ ಗಾಜು ಸ್ವಚ್ಛ ಮಾಡಲು ಕೆಟಲ್ ತುಂಬ ಕುದಿಯುವ ನೀರು ತಂದು ಸುರಿದ. ತಣ್ಣಗಾದ ಗಾಜಿಗೆ ಬಿಸಿನೀರು ಬಿದ್ದರೆ ಗಾಜು ಸೀಳು ಬಿಡಬಹುದು. ಅವನ ಪುಣ್ಯ, ಬಿಡಲಿಲ್ಲ. ನೀರು ಬಾನೆಟ್ ಮೇಲಿಂದ ಇಳಿದು, ಇಳಿಜಾರಿನಲ್ಲಿ ಹರಿದು ಗೇಟಿನ ಹತ್ತಿರ ಹರಡಿಕೊಂಡಿತು. ಈ ನೀರನ್ನು ನೆನಪಿಟ್ಟುಕೊಳ್ಳಿ, ನನ್ನ ಅಸಲಿ ಪರೀಕ್ಷೆ ನಡೆದದ್ದು ಅದರ ಮೇಲೇ.

ನಾನು ಎರಡು ತರಹದ ಲಾಳ ತರಿಸಿದ್ದೆ. ನನಗೆ ಮುಳ್ಳಿನದು, ನಮ್ಮನೆಯವರಿಗೆ ಸ್ಪ್ರಿಂಗಿನದು. ಹಿಮ ಬಿದ್ದ ಸಂಜೆಯೇ ಇಬ್ಬರೂ ಹಾಕಿಕೊಂಡು ಹೊರಟೆವು. ಆ ಸಂಜೆ ಅವು ಸುಮ್ನೆ ದಂಡ. ಹೊಸದಾಗಿ ಬಿದ್ದ, ಯಾರೂ ತುಳಿಯದ ಹಿಮದ ಮೇಲೆ ಆಳವಾದ ಗೆರೆಯಿರುವ ಸಾಧಾರಣ ಶೂ ಚೆನ್ನಾಗಿಯೇ ನಿಲ್ಲುತ್ತದೆ. ಮೆತ್ತನೆಯ ಹಿಮ ಶೂ ತಳದ ಗೆರೆಗಳೊಳಗೆ ಹೋಗಿ ಒತ್ತಿಕೊಳ್ಳುತ್ತದೆ, ಹಿಡಿತ ಸಿಗುತ್ತದೆ. ಲಾಳ ಹಾಕಿದ್ದಕ್ಕೆ ತೊಂದರೆಯೇ ಜಾಸ್ತಿ ಆಯಿತು. ಒದ್ದೆ ಹಿಮ ರಬ್ಬರ್ ಬಲೆಗೆ ಅಂಟಿ, ಹೆಜ್ಜೆ ಹೆಜ್ಜೆಗೂ ಗಡ್ಡೆ ಕಟ್ಟಿತು. ಸ್ಪ್ರಿಂಗಿನದರಲ್ಲಿ ಇದು ಇನ್ನೂ ಹೆಚ್ಚು. ಇವರು ಹತ್ತು ಹೆಜ್ಜೆಗೊಮ್ಮೆ ನಿಂತು ಕಾಲನ್ನು ಮೋಟುಗೋಡೆಗೆ ಬಡಿದು ಗಡ್ಡೆ ಉದುರಿಸುತ್ತಿದ್ದರು.

ಇಲ್ಲಿ ಒಂದು ಮಾತು. ಚಳಿ ದೇಶದವರು ನಮ್ಮ ಒಂದಿಂಚಿನ ಗಲಾಟೆ ನೋಡಿ ನಗುತ್ತಾರೆ. ನಗಲಿ, ನಗುವಂಥದ್ದೇ. ಆದರೆ ಅವರ ಹಿಮ ಬೇರೆ, ನಮ್ಮ ಹಿಮ ಬೇರೆ. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹಿಮ ಒಣಗಿದ ಪುಡಿ, ತುಳಿದರೆ ಕಿರುಗುಟ್ಟುತ್ತದೆ, ಕಾಲಿಗೆ ಹಿಡಿತ ಕೊಡುತ್ತದೆ. ನಮ್ಮದು ಸೊನ್ನೆಯ ಅಕ್ಕಪಕ್ಕದಲ್ಲೇ ಆಡುವ ಹಿಮ. ಹಗಲು ಅರ್ಧ ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಮೇಲೆ ನೀರಿನ ತೆಳು ಪದರ ನಿಂತ ಐಸ್‌ಗಿಂತ ಜಾರುವ ವಸ್ತು ಇನ್ನೊಂದಿಲ್ಲ. ಜೊತೆಗೆ ಅವರ ಕಾರಿಗೆ ಚಳಿಗಾಲದ ಟೈರ್ ಇರುತ್ತದೆ, 7 ಡಿಗ್ರಿಗಿಂತ ಕೆಳಗೂ ಅದರ ರಬ್ಬರ್ ಮೆತ್ತಗೇ ಉಳಿಯುತ್ತದೆ. ಐಸ್ ಕರಗಲಿ ಅಂತ ರಾತ್ರೋರಾತ್ರಿ ಉಪ್ಪು ಚೆಲ್ಲುವ ಲಾರಿಗಳಿರುತ್ತವೆ. ನಮ್ಮಲ್ಲಿ ಇರುವುದು ವಾಟ್ಸಾಪ್ ಗುಂಪು.

ಭಯವೇ ಹಿಮವನ್ನು ಐಸ್ ಮಾಡಿಬಿಡುತ್ತದೆ ಅನ್ನುವುದಕ್ಕೆ ಅಮೆರಿಕದ ಅಟ್ಲಾಂಟಾ ನಗರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2014ರ ಜನವರಿ 28ರಂದು ಅಲ್ಲಿ ಬಿದ್ದದ್ದು ಎರಡೂವರೆ ಇಂಚಿನ ಆಸುಪಾಸು. ಹಿಮ ಶುರುವಾಗುತ್ತಲೇ ಶಾಲೆ, ಆಫೀಸು, ಸರ್ಕಾರಿ ಕಚೇರಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಿಟ್ಟವು. ಊರಿಗೆ ಊರೇ ರಸ್ತೆಗಿಳಿಯಿತು. ತೆವಳುತ್ತಿದ್ದ ಕಾರುಗಳ ಚಕ್ರದಡಿ ಹಿಮ ಒತ್ತಿ ಒತ್ತಿ ಐಸ್ ಆಯಿತು. ಉಪ್ಪು ಚೆಲ್ಲಬೇಕಿದ್ದ ಲಾರಿಗಳೂ ಅದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವು. ಎಷ್ಟೋ ಜನ ರಾತ್ರಿಯನ್ನು ಕಾರಿನಲ್ಲಿ, ಅಂಗಡಿಗಳ ನೆಲದ ಮೇಲೆ ಕಳೆದರು. ಮಕ್ಕಳು ಶಾಲೆಯಲ್ಲೇ ಮಲಗಿದರು. ಹೆದ್ದಾರಿಯಲ್ಲಿ ಒಂದು ಮಗುವೂ ಹುಟ್ಟಿತು. ಎಲ್ಲರೂ ಇದ್ದಲ್ಲೇ ಎರಡು ಗಂಟೆ ಕೂತಿದ್ದರೆ ಎಷ್ಟೋ ವಾಸಿ ಇತ್ತು. ಆದರೆ ಅಭ್ಯಾಸ ಇಲ್ಲದವರಿಗೆ ಮೊದಲು ಹೊಳೆಯುವುದೇ ‘ಬೇಗ ಮನೆ ಸೇರಿಕೊಳ್ಳೋಣ’ ಅಂತ, ಅಲ್ವಾ?

ಸರಿ, ಮರುದಿನಕ್ಕೆ ಬರುತ್ತೇನೆ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು, ಬಿಸಿಲು ಬಂದಿತ್ತು. ರಸ್ತೆ ಕಪ್ಪಗೆ ಕಾಣುತ್ತಿತ್ತು. ‘ಅಯ್ಯೋ ಇಷ್ಟೇನಾ’ ಅಂತ ಗುಂಪಿನಲ್ಲಿ ಮೆಸೇಜು. ಹಿಂದಿನ ಸಂಜೆ ಗೋಡೆ ಹಿಡಿದುಕೊಂಡು ನಡೆದವರೆಲ್ಲ ಈಗ ಜೇಬಿನಲ್ಲಿ ಕೈ ಇಟ್ಟುಕೊಂಡು ದಡದಡ ನಡೆದರು. ಬಿದ್ದದ್ದು ಆಗ. ಗೇಟಿನ ಹತ್ತಿರ, ಆ ಕೆಟಲ್ ನೀರು ಹರಡಿದ್ದ ಜಾಗದಲ್ಲಿ, ಕಣ್ಣಿಗೆ ಕಾಣದ ತೆಳು ಗಾಜಿನಂಥ ಐಸ್ ಕಟ್ಟಿತ್ತು. ಡಾಂಬರಿನ ಕಪ್ಪು ಅದರ ಮೂಲಕ ಹಾಗೇ ಕಾಣುತ್ತದೆ, ನೆಲ ಸುಮ್ನೆ ಒದ್ದೆಯಾಗಿದೆ ಅನಿಸುತ್ತದೆ. ಬ್ಲ್ಯಾಕ್ ಐಸ್ ಅನ್ನುವುದು ಇದನ್ನೇ. ನೀರು ಸುರಿದ ಹುಡುಗನೇ ಮೊದಲು ಕೂತ. ಪೆಟ್ಟೇನೂ ಆಗಲಿಲ್ಲ, ಫೋನಿನ ಗಾಜು ಹೋಯಿತು.

ನಾನು ಲಾಳ ಹಾಕಿ ಅಲ್ಲೇ ಹೋಗಿ ನಿಂತೆ. ಮುಳ್ಳಿನದಕ್ಕೆ ಪೂರ್ತಿ ಅಂಕ. ಹೆಜ್ಜೆ ಇಟ್ಟರೆ ‘ಕಟ್’ ಅಂತ ಒಂದು ಸಣ್ಣ ಸದ್ದು, ಮುಳ್ಳು ಐಸಿನೊಳಗೆ ಕೂತದ್ದು ಕಾಲಿಗೇ ಗೊತ್ತಾಗುತ್ತದೆ. ಬೇಕಂತಲೇ ಕಾಲು ಮುಂದಕ್ಕೆ ತಳ್ಳಿ ನೋಡಿದೆ, ಜಗ್ಗಲಿಲ್ಲ. ಕಾಲೆತ್ತಿ ನೋಡಿದರೆ ಐಸಿನ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಬಿಳಿ ಚುಕ್ಕೆಗಳು, ಮುಳ್ಳಿಗೆ ಒಂದೊಂದು. ಇವರ ಸ್ಪ್ರಿಂಗಿನ ಲಾಳ ಅದೇ ಜಾಗದಲ್ಲಿ ನಿಧಾನಕ್ಕೆ ಜಾರಿತು. ತುಳಿದು ಗಟ್ಟಿಯಾದ ಹಿಮದ ಮೇಲೆ ಸ್ಪ್ರಿಂಗ್ ಪರವಾಗಿಲ್ಲ, ನಯವಾದ ಐಸಿನ ಮೇಲೆ ಅದು ಚುಚ್ಚುವುದಿಲ್ಲ, ಉರುಟಾದ ತಂತಿ ಒತ್ತಿಕೊಂಡಿರುತ್ತದೆ ಅಷ್ಟೇ. ನಮ್ಮಂಥ ಕಡೆ ಹಿಮಕ್ಕಿಂತ ಐಸ್ ಜಾಸ್ತಿ. ಅಗ್ಗ ಅಂತ ಸ್ಪ್ರಿಂಗಿನದು ತೆಗೆದುಕೊಳ್ಳಬೇಡಿ.

ಮುಳ್ಳಿನದರಲ್ಲೂ ನೋಡಿ ಕೊಳ್ಳಬೇಕು. ಕೆಲವಕ್ಕೆ ಪಾದದ ಮುಂಭಾಗದಲ್ಲಿ ಮಾತ್ರ ಮುಳ್ಳು ಇರುತ್ತದೆ. ಅವು ಬೇಡ. ನಾವು ನಡೆಯುವಾಗ ಮೊದಲು ನೆಲಕ್ಕೆ ತಾಗುವುದು ಹಿಮ್ಮಡಿ, ಜಾರುವುದೂ ಹೆಚ್ಚಾಗಿ ಅದೇ ಕ್ಷಣದಲ್ಲಿ. ಹಿಮ್ಮಡಿಯಡಿ ಮುಳ್ಳು ಇಲ್ಲದ ಲಾಳ ಕೊಂಡರೆ ಅರ್ಧ ಬಾಗಿಲಿಗೆ ಬೀಗ ಹಾಕಿದ ಲೆಕ್ಕ. ಇನ್ನು ಬೆಟ್ಟ ಹತ್ತುವವರಿಗೆ ಅಂತ ಸರಪಳಿ, ಉದ್ದ ಹಲ್ಲು ಇರುವವು ಬರುತ್ತವೆ. ನೋಡಲು ಭರ್ಜರಿ. ಊರಿನ ರಸ್ತೆಗೆ ಅವು ಆಗುವುದಿಲ್ಲ. ತೆಳು ಐಸಿನಡಿ ಗಟ್ಟಿ ಕಾಂಕ್ರೀಟು ಇರುತ್ತದೆ, ಹಲ್ಲು ಪೂರ್ತಿ ಇಳಿಯಲು ಜಾಗವೇ ಇಲ್ಲ, ತುದಿಯ ಮೇಲೆ ನಿಂತು ಪಾದ ಹೊರಳುತ್ತದೆ.

ಮುಳ್ಳಿನ ಲೋಹ ಯಾವುದು ಅಂತಲೂ ಕೇಳಿ. ಟಂಗ್‌ಸ್ಟನ್ ಕಾರ್ಬೈಡ್ ತುದಿ ಇದ್ದರೆ ಒಳ್ಳೆಯದು, ಬೇಗ ಸವೆಯುವುದಿಲ್ಲ. ಹಿಮ ಅಲ್ಲಲ್ಲಿ ಮಾತ್ರ ಇರುವ ಕಡೆ ಇದು ಮುಖ್ಯ. ಯಾಕಂದರೆ ನಾವು ನಡೆಯುವುದರಲ್ಲಿ ಬಹುಪಾಲು ಬರಿಯ ರಸ್ತೆಯ ಮೇಲೇ, ಮಧ್ಯೆ ನಾಲ್ಕು ಹೆಜ್ಜೆ ಐಸು, ಮತ್ತೆ ಬರಿಯ ರಸ್ತೆ. ಸಾದಾ ಉಕ್ಕಿನ ಮುಳ್ಳು ಡಾಂಬರಿಗೆ ಉಜ್ಜಿ ಬೇಗನೇ ಮೊಂಡಾಗುತ್ತದೆ.

ಇದರ ದೊಡ್ಡ ಅಪಾಯ ಹೊರಗಲ್ಲ, ಒಳಗೆ. ಇದನ್ನು ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ, ದೊಡ್ಡದಾಗಿ ಹಾಕಬೇಕಿತ್ತು. ನಮ್ಮ ಆಫೀಸಿನ ಬಾಗಿಲಲ್ಲಿ ಪಾಲಿಷ್ ಮಾಡಿದ ಗ್ರಾನೈಟ್ ನೆಲ. ನನ್ನ ಸಹೋದ್ಯೋಗಿಯೊಬ್ಬರು ಸ್ಪ್ರಿಂಗಿನ ಲಾಳ ಹಾಕಿಕೊಂಡು, ಐಸು ತುಂಬಿದ ಇಡೀ ಪಾರ್ಕಿಂಗ್ ದಾಟಿ, ಗೆದ್ದ ಖುಷಿಯಲ್ಲಿ ಒಳಗೆ ಕಾಲಿಟ್ಟರು. ಒಣ ನೆಲದ ಮೇಲೆ ಬಿದ್ದರು. ಲೋಹಕ್ಕೂ ನುಣುಪು ಕಲ್ಲಿಗೂ ಹಿಡಿತವೇ ಇಲ್ಲ, ಚುಚ್ಚಲು ಐಸಿನ ಹಾಗೆ ಮೆತ್ತಗಿಲ್ಲವಲ್ಲ. ಮೊಣಕೈ ಊದಿಕೊಂಡಿತು. ಆಮೇಲೆ ಸೆಕ್ಯೂರಿಟಿಯವರು ಬಾಗಿಲ ಹೊರಗೇ ಒಂದು ಸ್ಟೂಲು ಹಾಕಿದರು. ಅಲ್ಲಿ ಕೂತು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಒಳಗೆ ಬನ್ನಿ ಅಂತ. ಮಾಲ್, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲ ಕಡೆಯೂ ಇದೇ ಕಥೆ. ದಿನಕ್ಕೆ ನಾಲ್ಕು ಕಡೆ ಹತ್ತಿ ಇಳಿಯುವವರಿಗೆ ಲಾಳ ನಿಜವಾಗಿಯೂ ಕಿರಿಕಿರಿ. ಬಿಚ್ಚಿದ್ದನ್ನು ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ ಜೇಬಿನಲ್ಲಿರಲಿ, ಇಲ್ಲದಿದ್ದರೆ ಬ್ಯಾಗೆಲ್ಲ ಕೆಸರು.

ಹಾಕುವ ಬಿಚ್ಚುವ ವಿಷಯ. ಮೊದಲು ಶೂ ತುದಿಗೆ ಸಿಕ್ಕಿಸಿ, ಆಮೇಲೆ ಹಿಂದಿನ ಪಟ್ಟಿಯನ್ನು ಎಳೆದು ಹಿಮ್ಮಡಿಗೆ ಏರಿಸಬೇಕು. ಮನೆಯೊಳಗೆ, ಬಾಗಿಲ ಹತ್ತಿರ ಕೂತು ಹಾಕಿದರೆ ಸಲೀಸು. ಹೊರಗೆ ಚಳಿಯಲ್ಲಿ ನಿಂತು ಹಾಕಲು ಹೋದರೆ ಕೈಗವಸಿನ ಬೆರಳಿಗೆ ಅದು ಸಿಗುವುದಿಲ್ಲ, ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ. ಲಾಳವನ್ನು ರಾತ್ರಿಯೆಲ್ಲ ಕಾರಿನಲ್ಲಿ ಬಿಟ್ಟರೆ ರಬ್ಬರ್ ಸೆಟೆದು ಹಿಗ್ಗುವುದೇ ಇಲ್ಲ. ಸೈಜನ್ನು ಪಾದಕ್ಕಲ್ಲ, ಶೂಗೆ ನೋಡಿ ಕೊಳ್ಳಿ. ಚಳಿಗಾಲದ ಬೂಟು ದಪ್ಪ, ಅದಕ್ಕೆ ಒಂದು ಸೈಜು ದೊಡ್ಡದೇ ಬೇಕಾಗುತ್ತದೆ. ತೀರಾ ಸಡಿಲ ಇದ್ದರೆ ಹಿಂದಿನ ಪಟ್ಟಿ ಜಾರಿ ಕಳಚಿಕೊಳ್ಳುತ್ತದೆ. ನನಗೆ ಇರುವ ತಕರಾರು ಇದೇ ಪಟ್ಟಿಯದು. ಸೈಜು ಸರಿಯಿದ್ದರೂ ಮೆಟ್ಟಿಲು ಇಳಿಯುವಾಗ ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಪಾದದ ಮೇಲೆ ಅಡ್ಡಕ್ಕೆ ಒಂದು ವೆಲ್ಕ್ರೋ ಪಟ್ಟಿ ಇರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಅತ್ತೆಗೂ ಒಂದು ಜೊತೆ ತಂದಿದ್ದೆ. ಅವರು ಮುಟ್ಟಲಿಲ್ಲ. “ನನಗೇನು ಹೊಸದಾ? ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕೊಡ ಹೊತ್ತು ಓಡಾಡಿದೋಳು ನಾನು” ಅಂದರು. ಆಮೇಲೆ ಗೇಟಿನವರೆಗೆ ನಡೆದೂ ತೋರಿಸಿದರು. ಮೊಣಕಾಲು ಸ್ವಲ್ಪ ಬಗ್ಗಿಸಿ, ಪುಟ್ಟ ಹೆಜ್ಜೆ, ಇಡೀ ಪಾದ ಒಟ್ಟಿಗೆ ನೆಲಕ್ಕೆ, ಭಾರವೆಲ್ಲ ಮುಂದಿನ ಕಾಲಿನ ಮೇಲೆ. ಕೈ ಹೊರಗೆ, ಜೇಬಿನಲ್ಲಲ್ಲ. ಚಳಿ ದೇಶಗಳಲ್ಲಿ ಜನರಿಗೆ ಪೆಂಗ್ವಿನ್ ಹಾಗೆ ನಡೆಯಿರಿ ಅಂತ ಚಿತ್ರ ಹಾಕಿ ಹೇಳಿಕೊಡುವುದು ಇದನ್ನೇ. ಕಟ್ಟಡದಲ್ಲಿ ಅವತ್ತು ಎಲ್ಲರಿಗಿಂತ ಚೆನ್ನಾಗಿ ನಡೆದವರು ಹಿಮವನ್ನೇ ಕಾಣದ ನಮ್ಮ ಅತ್ತೆ. ನಮಗೆ ಹಿಮ ಹೊಸದು, ಜಾರುವ ನೆಲ ಹೊಸದಲ್ಲ. ಬಿಳಿ ಬಣ್ಣ ನೋಡಿ ಅದನ್ನು ಮರೆತುಬಿಡುತ್ತೇವೆ.

ಹಾಗಂತ ವಯಸ್ಸಾದವರಿಗೆ ಲಾಳ ಬೇಡ ಅಂತ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಿಂದೆ ಬಿದ್ದು ಅನುಭವ ಇದ್ದ, 65 ದಾಟಿದವರ ಮೇಲೆ ಒಂದು ಅಧ್ಯಯನ ನಡೆದು 2005ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಇಂಥದ್ದೇ ಎಳೆದು ಹಾಕುವ ಗ್ರಿಪ್ ಕೊಟ್ಟರು, ಉಳಿದವರು ತಮ್ಮ ಮಾಮೂಲಿ ಶೂನಲ್ಲೇ ಓಡಾಡಿದರು. ಗ್ರಿಪ್ ಹಾಕಿದವರು ಹೊರಗೆ ಬೀಳುವುದು ಚೆನ್ನಾಗಿಯೇ ಕಡಿಮೆಯಾಯಿತು. ಇದನ್ನು ಅತ್ತೆಗೆ ಹೇಳಿದೆ. “ಸರಿ, ಆ ಕಡೆ ಇಟ್ಟಿರು” ಅಂದರು. ಬಗ್ಗಿ ಹಾಕಿಕೊಳ್ಳುವುದು ಅವರಿಗೆ ಕಷ್ಟ ಅಂತ ನನಗೆ ಆಮೇಲೆ ತೋಚಿತು. ಸೊಂಟ, ಮೊಣಕಾಲು ನೋವು ಇರುವವರಿಗೆ ಬೇರೆಯವರು ಹಾಕಿಕೊಡಬೇಕು. ಒಬ್ಬರೇ ಇರುವ ಹಿರಿಯರಿಗೆ ಕಾಣಿಕೆ ಕೊಡುವ ಮುಂಚೆ ಇದನ್ನು ಯೋಚಿಸಿ.

ಲಾಳ ಇದ್ದರೂ ನಾನು ಸುತ್ತು ಹಾಕಿ ಹೋಗುವ ಜಾಗಗಳಿವೆ. ಜೀಬ್ರಾ ಕ್ರಾಸಿಂಗಿನ ಬಿಳಿ ಪಟ್ಟಿ, ಅದರ ಬಣ್ಣ ನುಣುಪು, ಡಾಂಬರಿಗಿಂತ ಜಾರುತ್ತದೆ. ಚರಂಡಿಯ ಕಬ್ಬಿಣದ ಮುಚ್ಚಳ. ಬಸ್ ನಿಲ್ಲುವ ಜಾಗ, ಚಕ್ರದಡಿ ಹಿಮ ಒತ್ತಿ ಹೊಳಪಾಗಿರುತ್ತದೆ. ಸೇತುವೆ, ಮೇಲೆ ಕೆಳಗೆ ಎರಡೂ ಕಡೆ ತಣ್ಣನೆ ಗಾಳಿ ಆಡುವುದರಿಂದ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಸೂರು ಸೋರುವ ಗೋಡೆ ಬದಿ. ಕಾರಿನವರ ವಿಷಯಕ್ಕೆ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಬರೆಯಬೇಕು. ಐಸಿನ ಮೇಲೆ ಬ್ರೇಕ್ ಹಾಕಿದರೆ ನಿಲ್ಲಲು ಮಾಮೂಲಿಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು ಅಂತ ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ. ಕಾಲ್ನಡಿಗೆಯವರು ಇದನ್ನು ನೆನಪಿಟ್ಟುಕೊಂಡು ರಸ್ತೆ ದಾಟಿದರೆ ಸಾಕು. ನಿಮಗೆ ಲಾಳ ಇದೆ, ಎದುರಿಂದ ಬರುವ ಕಾರಿಗೆ ಇಲ್ಲ.

ಮೆಟ್ಟಿಲಿಗೆ ಉಪ್ಪು ಹಾಕಿದರೆ ಸಾಲದಾ ಅಂತ ಗುಂಪಿನಲ್ಲಿ ಕೇಳಿದರು. ಹಾಕಿ, ಆದರೆ ಹಿಂದಿನ ರಾತ್ರಿಯೇ ಹಾಕಿ. ಉಪ್ಪು ಐಸನ್ನು ಕರಗಿಸಲು ಹೊತ್ತು ತೆಗೆದುಕೊಳ್ಳುತ್ತದೆ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಸಾದಾ ಉಪ್ಪಿನ ಕೆಲಸ ತೀರಾ ನಿಧಾನ. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ತಂದು ಚೆಲ್ಲಿ ಕೂಡಲೇ ಕಾಲಿಡುವವರನ್ನು ನೋಡಿದ್ದೇನೆ. ಅದಕ್ಕಿಂತ ಮರಳು ಮೇಲು. ಅದು ಕರಗಿಸುವುದಿಲ್ಲ, ಆದರೆ ಚೆಲ್ಲಿದ ಕ್ಷಣದಿಂದಲೇ ಕಾಲಿಗೆ ಹಿಡಿತ ಕೊಡುತ್ತದೆ. ಗಿಡಕ್ಕೂ ತೊಂದರೆ ಇಲ್ಲ.

ಬಳಸಿದ ಮೇಲೆ ಲಾಳವನ್ನು ನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ ಇಡಬೇಕು. ರಸ್ತೆಯ ಉಪ್ಪು ಅಂಟಿಕೊಂಡೇ ಉಳಿದರೆ ಲೋಹ ತುಕ್ಕು ಹಿಡಿಯುತ್ತದೆ. ಮುಂದಿನ ಹಿಮ ಯಾವಾಗ ಬರುತ್ತದೋ, ಅಲ್ಲಿವರೆಗೆ ಕಪಾಟಿನಲ್ಲೇ ಇರಬೇಕಲ್ಲ. ಬಿಸಿಲಿಗೆ ಬಿಡಬೇಡಿ, ರಬ್ಬರ್ ಬಿರುಕು ಬಿಡುತ್ತದೆ. ಮತ್ತೆ ಹಾಕುವ ಮುಂಚೆ ಒಮ್ಮೆ ಎಳೆದು ನೋಡಿ, ಕಾಲಿನ ಹೆಬ್ಬೆರಳಿನ ಹತ್ತಿರದ ಕೊಂಡಿಯೇ ಮೊದಲು ಕೈಕೊಡುವುದು.

ಮುಳ್ಳಿನದಕ್ಕೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಹಿಂದಿನ ಪಟ್ಟಿಗೆ. ಸ್ಪ್ರಿಂಗಿನದಕ್ಕೆ ಎರಡು, ಅದೂ ಹಗುರ ಇದೆ ಅಂತ. ನಮ್ಮನೆಯವರು ತಮ್ಮದನ್ನು ಕೆಳಗಿನ ಹುಡುಗನಿಗೆ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಬೇಡ ಅಂದಿದ್ದೇನೆ. ಕೊಡುವುದಾದರೆ ಗಾಜು ಕೆರೆಯುವ ಒಂದು ಪ್ಲಾಸ್ಟಿಕ್ ಪಟ್ಟಿ ಕೊಡೋಣ, ಗೇಟಿನ ಹತ್ತಿರ ನಾವೆಲ್ಲರೂ ನಡೆಯಬೇಕು.